ನಾನು ಬಿಟ್ಟರೆ ಪಕ್ಕದ ಬೋಟಿನವನು ಬಿಡ್ತಾನಾ?

ಮಲ್ಪೆ ಮತ್ತು ಮಂಗಳೂರು ಬಂದರುಗಳ ಬೋಟು ಮಾಲಕರಿಗೆ, ಬೋಟು ನಡೆಸುವ ತಾಂಡೇಲರಿಗೆ, ಮೀನುಗಾರರ ಸಂಘಗಳ ಹಿರಿಯರಿಗೆ, ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ, ಮತ್ತೆ ಮಧ್ಯಾಹ್ನದ ಊಟಕ್ಕೆ ಮೀನಿಲ್ಲದಿದ್ದರೆ ಮುಖ ಸಣ್ಣ ಮಾಡುವ ನಮ್ಮೂರಿನ ಎಲ್ಲರಿಗೂ ನಮಸ್ಕಾರ.

ಈಗ ಜುಲೈ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿವೆ. ಮಳೆ ಬಿಡದೆ ಹೊಡೆಯುತ್ತಿದೆ. ಶೆಡ್ಡಿನಲ್ಲಿ ಬಲೆ ರಿಪೇರಿ ಮಾಡುವವರನ್ನು ಬಿಟ್ಟರೆ ಮೀನು ಇಳಿಸುವ ಧಕ್ಕೆಯಲ್ಲಿ ಜನವಿಲ್ಲ. ನನಗೂ ಕೆಲಸ ಕಡಿಮೆ. ನಾನು ಇಲ್ಲಿ ರೈಟರ್. ಏಲಂ ನಡೆಯುವಾಗ ಯಾರ ಬೋಟು, ಯಾವ ಮೀನು, ಎಷ್ಟು ಕಿಲೋ, ಏನು ದರ ಅಂತ ಬರೆದುಕೊಳ್ಳುವವನು. 20 ವರ್ಷ ದಾಟಿತು. ಮೊನ್ನೆ ಬಿಡುವಿದ್ದಾಗ ಹಳೆಯ ಬಿಲ್ ಪುಸ್ತಕ ತಿರುವುತ್ತಿದ್ದೆ. ಒಂದು ಪುಟದಲ್ಲಿ ಕೈ ನಿಂತಿತು. ಈ ಪತ್ರ ಆ ಪುಟದ ಬಗ್ಗೆ.

ಹೋದ ಅಕ್ಟೋಬರಿನ ಒಂದು ಬೆಳಗ್ಗೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನನ್ನ ಸೋದರಮಾವನ ಪರ್ಸೀನ್ ಬೋಟು, ಅಂದರೆ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತಿ ಹಿಡಿಯುವ ಬೋಟು, ಧಕ್ಕೆಗೆ ತಾಗಿತು. ಬುಟ್ಟಿ ಬುಟ್ಟಿ ಬಂಗುಡೆ ಇಳಿಯಿತು. ದೂರದಿಂದ ನೋಡಿದರೆ ಬೆಳ್ಳಿ ಸುರಿದ ಹಾಗೆ. ಹತ್ತಿರ ಹೋಗಿ ಒಂದನ್ನು ಎತ್ತಿಕೊಂಡೆ. ಕೈಯಲ್ಲಿದ್ದ ಪೆನ್ನನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದೆ. ಪೆನ್ನೇ ಉದ್ದ! ಸುಮ್ನೆ ಕುತೂಹಲಕ್ಕೆ ಒಂದು ಕಿಲೋ ತೂಗಿಸಿ ಎಣಿಸಿದೆ. 50 ದಾಟಿತು. ಬೆಳೆದ ಬಂಗುಡೆ ಕಿಲೋಗೆ ಏಳೋ ಎಂಟೋ ಬರುತ್ತದೆ. ಅಂದರೆ ಆ ಒಂದು ಕಿಲೋ ಮರಿ ಬೆಳೆದಿದ್ದರೆ ಆರೇಳು ಕಿಲೋ ಆಗುತ್ತಿತ್ತು. ಅರ್ಧ ಮೀನು ಅಂಜಲಿನಂಥ ದೊಡ್ಡ ಮೀನಿನ ಬಾಯಿಗೆ ಹೋಗುತ್ತಿತ್ತು ಅಂತಲೇ ಇಟ್ಟುಕೊಳ್ಳಿ, ಮತ್ತೂ ಮೂರು ಕಿಲೋ ಉಳಿಯುತ್ತದೆ.

ಆ ಮೀನನ್ನು ಯಾರೂ ತಿನ್ನಲಿಲ್ಲ. ಮನೆಗೆ ಒಯ್ಯುವ ಗಾತ್ರವೇ ಅಲ್ಲ ಅದು. ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ಹೋಯಿತು. ನಾನು 'ಬಂಗುಡೆ, ಸಣ್ಣದು' ಅಂತ ಬರೆದೆ. ದರ ಬರೆದೆ. ಅದನ್ನು ದರ ಅನ್ನಲಿಕ್ಕೂ ನಾಚಿಕೆ ಆಗಬೇಕು. ನನ್ನ ಕಮಿಷನ್ ನಾನು ತೆಗೆದುಕೊಂಡೆ. ಹಾಗಾಗಿ ಈ ಪತ್ರದಲ್ಲಿ ಬೈಗುಳ ಏನಾದರೂ ಕಂಡರೆ ಅದರಲ್ಲಿ ನನಗೂ ಪಾಲಿದೆ ಅಂತ ತಿಳಿದುಕೊಳ್ಳಿ.

ಮಾವನನ್ನು ಕೇಳಿದೆ, 'ಇದನ್ನು ಯಾಕೆ ಎಳೆದಿರಿ ಮಾವ?' ಎಲೆಗೆ ಸುಣ್ಣ ಹಚ್ಚುತ್ತಾ ಅವರು ಹೇಳಿದರು, 'ನಾನು ಬಿಟ್ಟರೆ ಪಕ್ಕದ ಬೋಟಿನವನು ಬಿಡ್ತಾನಾ?'

ಈ ಮಾತನ್ನು ಬಂದರಿನಲ್ಲಿ ದಿನಕ್ಕೆ ನೂರು ಸಲ ಕೇಳುತ್ತೇವೆ. ಕೇಳಿದವರು ನಗುತ್ತಾರೆ, ಇಲ್ಲ ದುರಾಸೆ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮಾವನ ಲೆಕ್ಕ ಸರಿಯಾಗಿಯೇ ಇದೆ. ಡೀಸೆಲ್ ಸುಟ್ಟಾಗಿದೆ, ಮಂಜುಗಡ್ಡೆ ತುಂಬಿಸಿಯಾಗಿದೆ, ಬ್ಯಾಂಕಿನ ಕಂತು ತಿಂಗಳು ತಪ್ಪದೆ ಬರುತ್ತದೆ, ಬೋಟಿನಲ್ಲಿರುವ 30 ಜನಕ್ಕೆ ಪಾಲು ಕೊಡಬೇಕು. ಅವರೊಬ್ಬರೇ ಬಲೆ ಎತ್ತದೆ ಬಂದರೆ ಆ ಮರಿ ಬದುಕುವುದಿಲ್ಲ. ಅರ್ಧ ಗಂಟೆಯಲ್ಲಿ ಇನ್ನೊಂದು ಬಲೆ ಸುತ್ತುತ್ತದೆ. ಕಡಲಿಗೆ ಲಾಭವಿಲ್ಲ, ಮಾವನಿಗೆ ಬರೀ ನಷ್ಟ. ಹೀಗೆ ಪ್ರತಿ ಬೋಟಿನವನೂ ಸರಿಯಾದ ಲೆಕ್ಕವನ್ನೇ ಹಾಕುತ್ತಾನೆ. ಎಲ್ಲ ಲೆಕ್ಕ ಕೂಡಿಸಿದರೆ ಮಾತ್ರ ಉತ್ತರ ತಪ್ಪು ಬರುತ್ತದೆ.

ನಾನು ಓದಿದ್ದು ಪಿಯುಸಿ. ಮಗಳು ಮಂಗಳಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಮಾವನ ಮಾತು ಕೇಳಿ ಅವಳಿಗೆ ನಗು. 'ಅಜ್ಜ ಹೇಳಿದ್ದು ನಮ್ಮ ಸಿಲೆಬಸ್ಸಿನಲ್ಲೇ ಉಂಟು' ಅಂದಳು. ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ 1968ರಲ್ಲಿ ಇದನ್ನೇ ಬರೆದನಂತೆ. ಅವನ ಉದಾಹರಣೆಯಲ್ಲಿ ಕಡಲಿನ ಬದಲು ಹುಲ್ಲುಗಾವಲು, ಬೋಟಿನ ಬದಲು ದನ. ಎಲ್ಲರ ಹುಲ್ಲುಗಾವಲಿಗೆ ಒಬ್ಬ ಇನ್ನೊಂದು ದನ ಬಿಟ್ಟರೆ ಲಾಭ ಪೂರ್ತಿ ಅವನದು, ಹುಲ್ಲು ಕಮ್ಮಿಯಾದ ನಷ್ಟ ಊರಿಗೆಲ್ಲ ಹಂಚಿ ಹೋಗುತ್ತದೆ. ಹಾಗಾಗಿ ಎಲ್ಲರೂ ಬಿಡುತ್ತಾರೆ, ಕೊನೆಗೆ ಹುಲ್ಲೂ ಇಲ್ಲ ದನವೂ ಇಲ್ಲ. ಇದಕ್ಕೆ ಮದ್ದು ಎರಡೇ, ಒಂದೋ ಸರ್ಕಾರದ ದೊಣ್ಣೆ, ಇಲ್ಲವೇ ಬೇಲಿ ಹಾಕಿ ಹಂಚಿಕೊಳ್ಳುವುದು ಅಂತ ಅವನ ತೀರ್ಮಾನ. ಕಡಲಿಗೆ ಬೇಲಿ ಹಾಕುವವನು ಇನ್ನೂ ಹುಟ್ಟಬೇಕಷ್ಟೆ.

ಆಮೇಲೆ ಅವಳು ಮನೆಯಲ್ಲೇ ಒಂದು ಆಟ ಆಡಿಸಿದಳು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಜೂನಿನ ಒಂದು ಸಂಜೆ. ಕರೆಂಟಿಲ್ಲ. ನಾನು, ನನ್ನ ಹೆಂಡತಿ, ಮಗಳು, ಮತ್ತೆ ಮಾವ. ಒಬ್ಬೊಬ್ಬರಿಗೆ 20 ಹುಣಸೆ ಬೀಜ. ಮಧ್ಯದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಬೀಜ ಯಾರಿಗೂ ಕಾಣದ ಹಾಗೆ ಮುಷ್ಟಿಯಲ್ಲಿ ಹಿಡಿದು ಡಬ್ಬಿಗೆ ಹಾಕಬೇಕು. ಡಬ್ಬಿಗೆ ಬಿದ್ದ ಪ್ರತಿ 10 ಬೀಜಕ್ಕೆ ನಾಲ್ವರಿಗೂ 4ರಂತೆ ವಾಪಸ್. ಎಲ್ಲರೂ ಇಪ್ಪತ್ತಕ್ಕೆ ಇಪ್ಪತ್ತೂ ಹಾಕಿದರೆ ತಲಾ 32 ಸಿಗುತ್ತದೆ. ಆದರೆ ಒಬ್ಬ ಏನೂ ಹಾಕದೆ ಕೂತರೆ? ಉಳಿದ ಮೂವರ 60 ಬೀಜದಿಂದ ತಲಾ 24. ಕೂತವನಿಗೆ ಈ 24 ಮತ್ತು ತನ್ನ 20, ಒಟ್ಟು 44!

ಮೊದಲ ಸುತ್ತಿನಲ್ಲಿ ಡಬ್ಬಿ ಸುಮಾರಾಗಿ ತುಂಬಿತು. ಎರಡನೆಯದರಲ್ಲಿ ಕಡಿಮೆಯಾಯಿತು. ಮಾವ ಮುಸಿಮುಸಿ ನಗುತ್ತಿದ್ದರು, ಅವರ ಮುಂದೆ ಬೀಜದ ಗುಡ್ಡೆ. ಐದನೇ ಸುತ್ತಿಗೆ ನನ್ನ ಹೆಂಡತಿ ಮುಷ್ಟಿ ಬಿಚ್ಚಲೇ ಇಲ್ಲ. 'ನಾನೊಬ್ಬಳೇ ಯಾಕೆ ಮಂಗ ಆಗಬೇಕು?' ಅಂದಳು. ನಾನು ಆಗಲೇ ನಿಲ್ಲಿಸಿದ್ದೆ. ಡಬ್ಬಿ ಖಾಲಿ.

ಮಗಳು ಆಗ ಒಂದು ಹೊಸ ನಿಯಮ ತಂದಳು. ಇನ್ನು ಮುಷ್ಟಿ ಮುಚ್ಚುವ ಹಾಗಿಲ್ಲ, ಯಾರು ಎಷ್ಟು ಹಾಕಿದರು ಅಂತ ಎಲ್ಲರಿಗೂ ಕಾಣಬೇಕು. ಮತ್ತೆ, ಯಾರಾದರೂ ತನ್ನ ಕೈಯಿಂದ 1 ಬೀಜ ದಂಡ ಕಟ್ಟಿದರೆ ಕಳ್ಳಾಟ ಆಡಿದವನ 3 ಬೀಜ ಹೋಗುತ್ತದೆ. ನನ್ನ ಹೆಂಡತಿ ಒಂದು ನಿಮಿಷ ಕಾಯಲಿಲ್ಲ. ತನ್ನ 4 ಬೀಜ ಕೊಟ್ಟು ಮಾವನ 12 ತೆಗೆಸಿದಳು. ಅವಳಿಗೆ ಅದರಿಂದ ನಯಾ ಪೈಸೆ ಲಾಭವಿಲ್ಲ, ಆದರೂ ಮುಖದಲ್ಲಿ ಎಂಥಾ ಖುಷಿ! ಮುಂದಿನ ಸುತ್ತಿನಲ್ಲಿ ಮಾವ 15 ಹಾಕಿದರು. ಅದರ ಮುಂದಿನದರಲ್ಲಿ ನಾಲ್ವರೂ 20.

ಇದೇ ಲೆಕ್ಕದ ಆಟವನ್ನು ಅರ್ನ್‌ಸ್ಟ್ ಫೆರ್ ಮತ್ತು ಸೈಮನ್ ಗೆಕ್ಟರ್ ಎಂಬ ಇಬ್ಬರು ಜ್ಯೂರಿಚ್‌ನಲ್ಲಿ ವಿದ್ಯಾರ್ಥಿಗಳಿಗೆ ನಿಜವಾದ ಹಣ ಕೊಟ್ಟು ಆಡಿಸಿ 2002ರಲ್ಲಿ ಪ್ರಕಟಿಸಿದ್ದರಂತೆ. ಅಲ್ಲಿಯೂ ದಂಡವಿಲ್ಲದಾಗ ಸುತ್ತು ಸುತ್ತಿಗೆ ಇಳಿಯಿತು, ದಂಡ ಬಂದ ಮೇಲೆ ಏರಿತು. ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ನನ್ನ ಹೆಂಡತಿಯ ಮಾತು. ಡಬ್ಬಿಗೆ ಹಾಕುವುದನ್ನು ಅವಳು ನಿಲ್ಲಿಸಿದ್ದು ಆಸೆಗೆ ಬಿದ್ದು ಅಲ್ಲ. ಮಂಗ ಆಗಲಿಕ್ಕೆ ಮನಸ್ಸಿರಲಿಲ್ಲ. ಬಂದರಿನಲ್ಲಿಯೂ ಅಷ್ಟೇ. ನಿಜಕ್ಕೂ ಹೊಟ್ಟೆಬಾಕರು ಕೆಲವೇ ಜನ. ಉಳಿದವರೆಲ್ಲ ಅವರನ್ನು ನೋಡಿ ಮುಷ್ಟಿ ಮುಚ್ಚಿದವರು.

ಹಾಗಂತ ನಾವು ಸ್ವಾರ್ಥಿಗಳು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯ ಸುವರ್ಣ ತ್ರಿಭುಜ ಬೋಟು 7 ಮಂದಿಯೊಂದಿಗೆ ಕಾಣೆಯಾಯಿತಲ್ಲ. 2019ರ ಜನವರಿಯಲ್ಲಿ ಸಾವಿರಾರು ಮಂದಿ ಮೀನುಗಾರಿಕೆ ಬಿಟ್ಟು ಹೆದ್ದಾರಿಗೆ ಇಳಿದೆವು. ಪರ್ಸೀನಿನವರು, ಟ್ರಾಲ್‌ನವರು, ನಾಡದೋಣಿಯವರು, ಮೀನು ಮಾರುವ ಹೆಂಗಸರು, ಎಲ್ಲ ಒಂದೇ. ಅಷ್ಟು ದೊಡ್ಡದು ಬೇಡ, ದಿನದ ಮಾತು ನೋಡಿ. ನಡುಗಡಲಿನಲ್ಲಿ ಒಂದು ಬೋಟಿನ ಇಂಜಿನ್ ಕೆಟ್ಟರೆ ವೈರ್‌ಲೆಸ್ಸಿನಲ್ಲಿ ಕೂಗು ಬೀಳುತ್ತದೆ. ಹತ್ತಿರದ ಬೋಟಿನವನು ತನ್ನ ಟ್ರಿಪ್ ಹಾಳು ಮಾಡಿಕೊಂಡು ಎಳೆದು ತರುತ್ತಾನೆ. ಅವನು ಡೀಸೆಲ್ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಅಕ್ಟೋಬರಿನಲ್ಲಿ ಮರಿಮೀನು ಎಳೆದ ನನ್ನ ಮಾವ ಡಿಸೆಂಬರಿನಲ್ಲಿ ಹಾಗೆ ಒಂದು ಬೋಟನ್ನು ರಾತ್ರಿಯಿಡೀ ಎಳೆದು ತಂದವರು. ಎರಡೂ ಮಾಡಿದ್ದು ಒಬ್ಬನೇ ಮನುಷ್ಯ! ಇಂಜಿನ್ ಕೆಟ್ಟವನ ಹೆಸರು ಗೊತ್ತು, ಮನೆ ಗೊತ್ತು, ನಾಳೆ ನನ್ನ ಇಂಜಿನ್ನೂ ಕೆಡಬಹುದು ಅಂತಲೂ ಗೊತ್ತು. ಮರಿ ಬಂಗುಡೆಗೆ ಹೆಸರಿಲ್ಲ. ಮುಂದಿನ ವರ್ಷದ ಮೀನು ವೈರ್‌ಲೆಸ್ಸಿನಲ್ಲಿ ಕೂಗುವುದಿಲ್ಲ.

ಅಜ್ಜನ ಕಾಲದಲ್ಲಿ ರಂಪಣಿ ಇತ್ತು. ಕಡಲಿನೊಳಗೆ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಎರಡೂ ತುದಿಯನ್ನು ದಡದಿಂದ ಎಳೆಯುವುದು. ಅಷ್ಟುದ್ದದ ಬಲೆ ಒಂದು ಮನೆಯ ಸ್ವತ್ತು ಆಗಲಿಕ್ಕೆ ಸಾಧ್ಯವೇ ಇರಲಿಲ್ಲ. ಮನೆ ಮನೆಯಿಂದ ತುಂಡು ಬಲೆ ತಂದು ಹೊಲಿದು ಸೇರಿಸಬೇಕಿತ್ತು. ಹಗ್ಗಕ್ಕೆ ಕೈ ಹಚ್ಚಿದವನಿಗೆ ಮೀನು ಸಿಗುತ್ತಿತ್ತು, ದಾರಿಯಲ್ಲಿ ಹೋಗುವವನು ಕೈ ಹಚ್ಚಿದರೂ ಸಿಗುತ್ತಿತ್ತು ಅಂತ ಅಮ್ಮ ಹೇಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ನಮ್ಮ ಕಡಲಿಗೆ ಪರ್ಸೀನ್ ಬಂತು. ದಡಕ್ಕೆ ಬರುವ ಮೊದಲೇ ಮೀನನ್ನು ಆಚೆಯೇ ಸುತ್ತಿ ತೆಗೆಯಿತು. ರಂಪಣಿಯವರು ಗಲಾಟೆ ಮಾಡಿದರು, ಸೋತರು, ಆಮೇಲೆ ಸಾಲ ಮಾಡಿ ಅವರೇ ಪರ್ಸೀನ್ ಕೊಂಡರು. ಈಗ ಉಳಿದದ್ದು ಅಲ್ಲಲ್ಲಿ ಕೈರಂಪಣಿ ಮಾತ್ರ.

ಅಜ್ಜಂದಿರು ದೇವರಂಥವರು, ನಾವು ಕೆಟ್ಟವರು ಅಂತ ಹೇಳುವ ಚಾಳಿ ನನಗಿಲ್ಲ. ರಂಪಣಿಯಲ್ಲೂ ಮರಿಮೀನು ಬೀಳುತ್ತಿತ್ತು, ಪಾಲಿನ ಜಗಳ ಊರಿನ ಮುಖಂಡರಾದ ಗುರಿಕಾರರ ಮನೆಯ ಜಗಲಿಯವರೆಗೂ ಹೋಗುತ್ತಿತ್ತು. ಆದರೆ ಬಲೆಯೇ ಹಾಗಿತ್ತು, ಒಬ್ಬನಿಂದ ಎಳೆಯಲಿಕ್ಕೆ ಆಗದ್ದು. ಕೆಲಸ ಹೇಗೋ ಮನುಷ್ಯ ಹಾಗೆ. ಇದಕ್ಕೂ ಮಗಳ ಹತ್ತಿರ ಒಂದು ಉದಾಹರಣೆ ಇತ್ತು. ಜೋಸೆಫ್ ಹೆನ್ರಿಕ್ ಮತ್ತು ಅವನ ಜೊತೆಗಾರರು ಜಗತ್ತಿನ 15 ಸಣ್ಣ ಸಮುದಾಯಗಳಲ್ಲಿ ಹಣ ಹಂಚುವ ಒಂದು ಆಟ ಆಡಿಸಿದರಂತೆ. ಪೆರುವಿನ ಕಾಡಿನಲ್ಲಿ ಒಂದೊಂದು ಮನೆಯೂ ಅದರ ಪಾಡಿಗೆ ಬದುಕುವ ಮಚಿಗೆಂಗಾ ಜನ ಗುರುತಿಲ್ಲದ ಜೊತೆಗಾರನಿಗೆ ಕೊಡಲು ಹೊರಟದ್ದು ಸರಾಸರಿ ಕಾಲು ಭಾಗದಷ್ಟು. ಇಂಡೋನೇಷ್ಯಾದ ಲಮಲೆರಾ ಊರಿನವರು ದೋಣಿಗಳಲ್ಲಿ ಗುಂಪಾಗಿ ಹೋಗಿ ತಿಮಿಂಗಿಲ ಹಿಡಿಯುವವರು. ಅವರು ಅರ್ಧಕ್ಕಿಂತ ಜಾಸ್ತಿ ಕೊಟ್ಟರು. ನಮ್ಮ ಅಜ್ಜಂದಿರನ್ನು ಕೂರಿಸಿದ್ದರೆ ಅವರೂ ಹಾಗೇ ಕೊಡುತ್ತಿದ್ದರೋ ಏನೋ.

ರಂಪಣಿಯನ್ನು ವಾಪಸ್ ತನ್ನಿ ಅಂತ ನಾನು ಕೇಳುತ್ತಿಲ್ಲ. ನಮಗೆ ಇವತ್ತೂ ಒಟ್ಟಿಗೆ ನಡೆಯಲಿಕ್ಕೆ ಗೊತ್ತು. ಸಾಕ್ಷಿ ಕಣ್ಣೆದುರೇ ಇದೆ, ಈಗ ಕಟ್ಟಿ ಹಾಕಿರುವ ಈ ಬೋಟುಗಳು. ಜೂನ್ 1ರಿಂದ ಜುಲೈ 31, 61 ದಿನ. ಬೂತಾಯಿ, ಬಂಗುಡೆ ಮೊಟ್ಟೆ ಇಡುವ ಕಾಲ. ಬೈದುಕೊಂಡಾದರೂ ಎಲ್ಲರೂ ಪಾಲಿಸುತ್ತೇವೆ. ಯಾಕೆಂದರೆ ಪಕ್ಕದವನ ಬೋಟೂ ಪಕ್ಕದಲ್ಲೇ ಕಟ್ಟಿದೆ, ಬೆಳಗ್ಗೆ ಎದ್ದು ನೋಡಿದರೆ ಕಾಣುತ್ತದೆ. ಯಾರೂ ಮಂಗ ಆಗುವುದಿಲ್ಲ. ಅದೇ ಲೈಟ್ ಫಿಶಿಂಗ್ ನೋಡಿ, ರಾತ್ರಿ ದೊಡ್ಡ ಲೈಟ್ ಹಾಕಿ ಮೀನನ್ನು ಸೆಳೆದು ಹಿಡಿಯುವುದು. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಅದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲ್ ಅನ್ನೂ ನಿಷೇಧಿಸಿತು. ಆದರೆ ರಾತ್ರಿ ಕಡಲಿನಲ್ಲಿ ಯಾರು ಲೈಟ್ ಹಾಕಿದರು ಅಂತ ದಡದಲ್ಲಿ ಕೂತವನಿಗೆ ಕಾಣುತ್ತದಾ? ಕದ್ದು ನಡೆಯುತ್ತಲೇ ಇದೆ, ಅದರ ಮೇಲೆ ಜಗಳವೂ ನಡೆಯುತ್ತಲೇ ಇದೆ.

ಹಾರ್ಡಿನ್ ಹೇಳಿದ್ದು ಪೂರ್ತಿ ಸರಿಯಲ್ಲ ಅಂತ ತೋರಿಸಿದವರು ಎಲಿನಾರ್ ಆಸ್ಟ್ರಮ್ ಎಂಬ ಹೆಂಗಸು. ಅರ್ಥಶಾಸ್ತ್ರದ ನೊಬೆಲ್ ಸಿಕ್ಕ ಮೊದಲ ಮಹಿಳೆ, 2009ರಲ್ಲಿ. ಅವರು ಹುಡುಕಿಕೊಂಡು ಹೋದದ್ದು ನಮ್ಮಂಥವರನ್ನೇ. ಮೀನು ಹಿಡಿಯುವವರು, ಕಾಲುವೆ ನೀರು ಹಂಚಿಕೊಳ್ಳುವವರು, ಬೆಟ್ಟದ ಹುಲ್ಲು ಕೊಯ್ಯುವವರು. ಟರ್ಕಿಯ ಅಲಾನ್ಯಾ ಎಂಬ ಊರಿನಲ್ಲಿ ಸುಮಾರು 100 ಮೀನುಗಾರರು ಒಳ್ಳೆಯ ಜಾಗಕ್ಕಾಗಿ ಹೊಡೆದಾಡಿಕೊಳ್ಳುತ್ತಿದ್ದರು. ಕೊನೆಗೆ ತಾವೇ ಕೂತು ಮೀನು ಸಿಗುವ ಜಾಗಗಳನ್ನೆಲ್ಲ ಪಟ್ಟಿ ಮಾಡಿದರು. ಸೆಪ್ಟೆಂಬರಿನಲ್ಲಿ ಚೀಟಿ ಎತ್ತುವುದು. ಚೀಟಿಯಲ್ಲಿ ಬಂದ ಜಾಗದಲ್ಲಿ ಮೊದಲ ದಿನ, ಮರುದಿನ ಅದರ ಪೂರ್ವದ ಜಾಗದಲ್ಲಿ. ಜನವರಿಯವರೆಗೆ ಹೀಗೆ ದಿನಕ್ಕೊಂದು ಜಾಗ ಪೂರ್ವಕ್ಕೆ, ಆಮೇಲೆ ಪಶ್ಚಿಮಕ್ಕೆ. ಕಾವಲಿಗೆ ಪೊಲೀಸ್ ಬೇಡ. ಇವತ್ತು ಒಳ್ಳೆಯ ಜಾಗ ಯಾರ ಪಾಲಿಗೆ ಬಂದಿದೆಯೋ ಅವನೇ ಬೆಳಗ್ಗೆ ಎದ್ದು ಕಾಯುತ್ತಾನೆ!

ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ಲಾಬ್‌ಸ್ಟರ್ ಹಿಡಿಯುವವರದ್ದು ಇನ್ನೂ ಚಂದ. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಿದರೆ ಅದರ ಬಾಲಕ್ಕೆ ಸಣ್ಣದೊಂದು ಕಚ್ಚು ಕೊಯ್ದು ನೀರಿಗೆ ಬಿಡುತ್ತಾರೆ. ಮುಂದೆ ಅದು ಯಾರ ಕೈಗೆ ಸಿಕ್ಕಿದರೂ, ಮೊಟ್ಟೆ ಇಲ್ಲದಿದ್ದರೂ, ಕಚ್ಚು ನೋಡಿ ಬಿಡಲೇಬೇಕು. ಕಂಡೇ ಇಲ್ಲದ ಒಬ್ಬ ಮೀನುಗಾರ ಇನ್ನೊಬ್ಬನಿಗೆ ಬಾಲದ ಮೇಲೆ ಬರೆದು ಕಳಿಸಿದ ಕಾಗದದ ಹಾಗೆ ಅದು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, 14 ಸೆಂಟಿಮೀಟರಿಗಿಂತ ಸಣ್ಣ ಬಂಗುಡೆ ಹಿಡಿಯುವ ಹಾಗಿಲ್ಲ ಅಂತ ನಿಯಮವಿದೆ. 14 ಸೆಂಟಿಮೀಟರ್ ಅಂದರೆ ಹೆಚ್ಚು ಕಡಿಮೆ ಒಂದು ಬಾಲ್‌ಪೆನ್. ಪ್ರತಿ ರೈಟರ್ ಕಿಸೆಯಲ್ಲೂ ಇರುವಂಥದ್ದು. ಮಾಲಕರೇ, ತಾಂಡೇಲರೇ, ಆಗಸ್ಟ್ 1ಕ್ಕೆ ಬೋಟು ಇಳಿಯುವ ಮೊದಲು ನೀವೇ ಕೂತು ಒಂದು ನಿಯಮ ಮಾಡಿ. ಪೆನ್ನಿಗಿಂತ ಗಿಡ್ಡ ಬಂಗುಡೆ ಬುಟ್ಟಿಗಟ್ಟಲೆ ಬಂದರೆ ಅದು ಬಿಲ್ಲಿನಲ್ಲಿ ಬೇರೆಯೇ ಕಾಲಂ. ಆ ಕಾಲಂ ಪ್ರತಿ ಶನಿವಾರ ಬೋಟಿನ ಹೆಸರಿನ ಸಮೇತ ಬೋರ್ಡಿಗೆ ಬರಲಿ. ಮೊದಲ ಸಲ ದಂಡ ಬೇಡ, ಹೆಸರು ಸಾಕು. ಎರಡನೇ ಸಲ ಸಣ್ಣ ದಂಡ, ಮೂರನೇ ಸಲ ಆ ಮೀನಿನ ದುಡ್ಡೆಲ್ಲ ಸಂಘದ ಡಬ್ಬಿಗೆ. ಗೆದ್ದ ಊರುಗಳಲ್ಲಿ ದಂಡ ಸಣ್ಣದರಿಂದ ಶುರುವಾಗಿ ಏರುತ್ತಾ ಹೋಗುತ್ತದೆ ಅಂತ ಆಸ್ಟ್ರಮ್ ಕಂಡುಕೊಂಡದ್ದು ಸುಮ್ನೆ ಅಲ್ಲ. ಒಮ್ಮೆ ತಪ್ಪಿದವನನ್ನು ಕಳ್ಳ ಅಂತ ಅಟ್ಟಿದರೆ ಅವನು ಮತ್ತೆ ಒಳಗೆ ಬರುವುದಿಲ್ಲ. ಬಲೆ ಹಾಕುವ ಮೊದಲು ಮೀನಿನ ಗಾತ್ರ ಹೇಗೆ ತಿಳಿಯುವುದು ಅಂತ ಕೇಳುತ್ತೀರಿ. ನಿಮಗೆ ತಿಳಿಯುತ್ತದೆ. ಮೀನಿನ ಹಿಂಡು ನೀರಿನ ಮೇಲೆ ಏಳುವ ರೀತಿ ನೋಡಿಯೇ ಗಾತ್ರ ಹೇಳುವ ತಾಂಡೇಲರನ್ನು ನಾನು ನೋಡಿದ್ದೇನೆ. ನನ್ನ ಹತ್ತಿರ ಆ ಆಟ ಬೇಡ.

ಇಲಾಖೆಯವರಿಗೆ ಒಂದೇ ಮಾತು. ಬರೀ ಸುತ್ತೋಲೆ ಕಳಿಸಿದ್ದು ಸಾಕು. ಬಂದರಿನವರು ಮಾಡಿದ ನಿಯಮಕ್ಕೆ ಬೆನ್ನಿಗೆ ನಿಲ್ಲಿ. ಸಂಘ ಹಾಕಿದ ದಂಡವನ್ನು ಒಬ್ಬ ದೊಡ್ಡ ಮನುಷ್ಯ ಫೋನ್ ಮಾಡಿ ಮನ್ನಾ ಮಾಡಿಸಿದರೆ ಮರುದಿನ ಡಬ್ಬಿ ಖಾಲಿ. ಮತ್ತೆ, ಇಲ್ಲಿ ಬೇಡ ಅಂದರೆ ಬೋಟು ಇನ್ನೊಂದು ಬಂದರಿಗೆ ಹೋಗುತ್ತದೆ. ಹಾಗಾಗಿ ಗಂಗೊಳ್ಳಿಯಿಂದ ಮಂಗಳೂರಿನವರೆಗೆ ಒಂದೇ ಪೆನ್ನು ಇರಲಿ. ಕೇರಳದವರ ಜೊತೆಗೂ ಮಾತಾಡಿ, ತಲಪಾಡಿಯ ಗಡಿ ಮೀನಿಗೆ ಗೊತ್ತಿಲ್ಲ.

ಕಡಲು ಬಿಸಿಯಾಗಿದೆ, ಮೀನು ಕಮ್ಮಿಯಾದದ್ದು ಅದಕ್ಕೆ, ನಮ್ಮದೇನು ತಪ್ಪು ಅಂತ ಹೇಳುವವರಿದ್ದಾರೆ. ಅದರಲ್ಲೂ ಸತ್ಯವಿದೆ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ನಿನಷ್ಟು. ಇಷ್ಟೊಂದು ಏರಿಳಿತ ಬರೀ ಬಲೆಯಿಂದ ಆಗುವುದಿಲ್ಲ, ಮಳೆ, ನೀರಿನ ಬಿಸಿ, ತಿನ್ನುವ ಆಹಾರ ಎಲ್ಲ ಸೇರುತ್ತದೆ ಅಂತ ವಿಜ್ಞಾನಿಗಳೇ ಹೇಳುತ್ತಾರೆ. ಆದರೆ ಬರಗಾಲದ ವರ್ಷ ಬಿತ್ತನೆ ಭತ್ತವನ್ನೇ ಬೇಯಿಸಿ ತಿನ್ನುವ ರೈತ ಉಂಟಾ? ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾಡ್ ಮೀನು ಎಂದೂ ಮುಗಿಯುವುದಿಲ್ಲ ಅಂದುಕೊಂಡಿದ್ದರು. 1992ರ ಜುಲೈಯಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. 30 ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅಲ್ಲಿಯೂ ಒಬ್ಬ ಮಾವ ಇದ್ದಿರಬೇಕು, ಎಲೆ ಅಡಿಕೆ ಇರಲಿಲ್ಲ ಅಷ್ಟೆ.

ಮೀನು ತಿನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಮಾರ್ಕೆಟಿನಲ್ಲಿ ಮರಿ ಬಂಗುಡೆ ಕಂಡರೆ ಮೀನು ಮಾರುವ ಅಕ್ಕನ ಹತ್ತಿರ ಚೌಕಾಸಿ ಮಾಡಬೇಡಿ, ಮುಂದೆ ಹೋಗಿ. ಉಡುಪಿಯಲ್ಲಿ 30 ವರ್ಷ ಮೀನು ಮಾರಿದ ನನ್ನ ಅಮ್ಮ ಅಂಥ ಮೀನನ್ನು ಬುಟ್ಟಿಗೇ ಹಾಕಿಸಿಕೊಳ್ಳುತ್ತಿರಲಿಲ್ಲ. 'ಮುಳ್ಳು ತೆಗೆದರೆ ಏನುಂಟು ಇದರಲ್ಲಿ' ಅನ್ನುತ್ತಿದ್ದರು. ಅವರಿಗೆ ಕಡಲಿನ ಚಿಂತೆ ಇತ್ತೋ ಇಲ್ಲವೋ, ಗಿರಾಕಿಯ ಚಿಂತೆಯಂತೂ ಇತ್ತು.

ನಾನು ಈ ಸಲದ ಬಿಲ್ ಪುಸ್ತಕದಲ್ಲಿ ಆ ಕಾಲಂ ಎಳೆದಾಗಿದೆ. ಮೊದಲ ಹೆಸರು ಮಾವನ ಬೋಟಿನದ್ದೇ ಬಂದರೂ ಬರೆಯುತ್ತೇನೆ ಅಂತ ಅವರಿಗೆ ಹೇಳಿದೆ. 'ಉಳಿದ ರೈಟರ್‌ಗಳು ಬರೆಯುತ್ತಾರಾ?' ಅಂತ ಕೇಳಿದರು. ಗೊತ್ತಿಲ್ಲ ಮಾವ, ಅದಕ್ಕೇ ಈ ಪತ್ರ ಅಂದೆ. ಜುಲೈ ಕೊನೆಯ ಭಾನುವಾರ ಬೆಳಗ್ಗೆ 10ಕ್ಕೆ ಬಲೆ ಶೆಡ್ಡಿನಲ್ಲಿ ಇರುತ್ತೇನೆ. ರೈಟರ್‌ಗಳು, ತಾಂಡೇಲರು, ಮಾಲಕರು, ಯಾರು ಬಂದರೂ ಸರಿ. ಮಾವ ಬರುತ್ತೇನೆ ಅಂದಿದ್ದಾರೆ. ಚಹಾ, ಗೋಳಿಬಜೆ ನನ್ನ ಲೆಕ್ಕ. ಪೆನ್ನು ನೀವೇ ತನ್ನಿ.

ಇತಿ,
ಮಲ್ಪೆ ಬಂದರಿನ ಒಬ್ಬ ರೈಟರ್